“ಓ, ಇವನಾ” ಅಂದರೆ ಏನರ್ಥ, ಯಾರಾದರೂ ಹೇಳಿ

“ಓ, ಇವನಾ.”

ಅಷ್ಟೇ ಅಂದಿದ್ದು ಆ ಮನುಷ್ಯ, ಮಗನ ಕಾಲೇಜಿನ ಹತ್ತಿರದ ಬೀಡಾ ಅಂಗಡಿಯವನು. ಸಂಜೆ ಐದೂವರೆಗೆ ಅಂದಿದ್ದು. ಈಗ ರಾತ್ರಿ ಒಂದು ಗಂಟೆ ದಾಟಿದೆ, ಇನ್ನೂ ಕಿವಿಯಲ್ಲೇ ಕೂತಿದೆ. ಅನ್ನಕ್ಕಿಡುವಾಗಲೂ ಅದೇ, ಬಾಗಿಲ ಚಿಲಕ ಹಾಕುವಾಗಲೂ ಅದೇ.

ನಾನು ಜಗಳಕ್ಕೆ ಹೋಗಿರಲಿಲ್ಲ, ದಯವಿಟ್ಟು ನಂಬಿ. ಮಗನ ಕ್ಯಾಲ್ಕುಲೇಟರ್ ಮುಚ್ಚಳದೊಳಗೆ ಗಾಂಜಾ ಸುತ್ತಿ ಸೇದುವ ಪೇಪರ್ ಸಿಕ್ಕಿದ ಮೇಲೆ ಎರಡು ರಾತ್ರಿ ನಿದ್ದೆ ಇಲ್ಲ. ಕೈ ಮುಗಿದು ಕೇಳಿಕೊಂಡು ಬರೋಣ ಅಂತಲೇ ಹೋಗಿದ್ದು. “ಅಣ್ಣ, ಕಾಲೇಜು ಮಕ್ಕಳಿಗೆ ಆ ಪೇಪರ್ ಕೊಡಬೇಡಿ, ಸಿಗರೇಟೂ ಕೊಡಬೇಡಿ” ಅಂದೆ. ಅಣ್ಣ ಅಂತಲೇ ಕರೆದೆ. ಅವನು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ, ತಲೆ ಕೂಡ ಎತ್ತಲಿಲ್ಲ. “ಯಾವ ಪೇಪರ್ರು ಮೇಡಂ?” ಅಂದ. ಅವನ ತಲೆ ಹಿಂದೆಯೇ ಇತ್ತು ಅದು, ಶಾಂಪೂ ಸರದ ಪಕ್ಕ ನೇತಾಡುತ್ತಿತ್ತು. ನಾನು ಬೆರಳು ಮಾಡಿ ತೋರಿಸಿದೆ. “ಅದಾ, ಅದನ್ನ ಎಲ್ಲಾ ಕಡೆ ಮಾರ್ತಾರೆ. ಸರಿ ಬಿಡಿ, ನಿಮ್ಮ ಮಗ ಯಾರು ಹೇಳಿ, ಫೋಟೋ ಇದ್ರೆ ತೋರಿಸಿ, ಅವನೊಬ್ಬನಿಗೆ ಕೊಡಲ್ಲ.”

ತೋರಿಸಬಾರದಿತ್ತು. ಈಗ ಅನ್ನಿಸುತ್ತಿದೆ, ಅಲ್ಲೇ ಬಾಯಿ ಮಾಡಬೇಕಿತ್ತು, “ನನ್ನ ಮಗನೊಬ್ಬನಿಗೆ ಯಾಕೆ, ಉಳಿದವರೆಲ್ಲ ಯಾರ ಮಕ್ಕಳು?” ಅಂತ ಕೇಳಬೇಕಿತ್ತು. ಕೇಳಲಿಲ್ಲ. ಬ್ಯಾಗಿನಿಂದ ಫೋನ್ ತೆಗೆದೆ. ಸುತ್ತ ಐದಾರು ಹುಡುಗರು ಟೀ ಹಿಡಿದು ನಿಂತಿದ್ದರು. ಅವರಲ್ಲಿ ಒಬ್ಬ ನಮ್ಮ ಮನೆಯಲ್ಲಿ ಎಷ್ಟೋ ಸಲ ಚಿತ್ರಾನ್ನ ತಿಂದವನು, ನನ್ನನ್ನು ನೋಡಿ ಮುಖ ಆ ಕಡೆ ಮಾಡಿದ. ಆದರೂ ನಾನು ಹುಡುಕುತ್ತಲೇ ಇದ್ದೆ, ಕೈ ನಡುಗಿ ಎರಡು ಸಲ ಬೇರೆ ಏನೋ ತೆರೆದುಕೊಂಡಿತು. ಕೊನೆಗೆ ಆಯುಧಪೂಜೆ ದಿನದ್ದು ಸಿಕ್ಕಿತು. ನನ್ನ ಹೊಲಿಗೆ ಮಿಷನ್‌ಗೆ ಅವನು ಕುಂಕುಮ ಇಡುತ್ತಿರುವುದು. ಅವನು ಸರಿಯಾಗಿ ಕಾಣುವ ಫೋಟೋ ಅದೊಂದೇ ಇರೋದು ನನ್ನ ಹತ್ತಿರ, ಈಗೀಗ ಫೋಟೋ ತೆಗೆಯೋಕೆ ಬಿಡಲ್ಲ.

ಆ ಮನುಷ್ಯ ಸುಣ್ಣದ ಬೆರಳಲ್ಲೇ ಫೋನ್ ಇಸ್ಕೊಂಡ. ಎರಡು ಬೆರಳಿಟ್ಟು ನನ್ನ ಮಗನ ಮುಖ ದೊಡ್ಡದು ಮಾಡಿದ. ನೋಡಿದ.

“ಓ, ಇವನಾ.”

ಹಿಂದೆ ಯಾರೋ ನಕ್ಕರು. ಅವನು ಆ ಹುಡುಗರ ಕಡೆ ತಿರುಗಿ, “ಲೋ, ಇವನಿಗೆ ಇನ್ಮೇಲೆ ಏನೂ ಇಲ್ಲ ಕಣ್ರೋ, ಅವರಮ್ಮ ಬಂದು ಹೇಳಿದಾರೆ” ಅಂದ. ಎಲ್ಲರೂ ನಕ್ಕರು. ನಾನು ಫೋನ್ ತಗೊಂಡು “ಥ್ಯಾಂಕ್ಸ್ ಅಣ್ಣ” ಅಂದೆ.

ಥ್ಯಾಂಕ್ಸ್ ಅಂದೆ. ಆ ಮನುಷ್ಯನಿಗೆ ನಾನು ಥ್ಯಾಂಕ್ಸ್ ಹೇಳಿ ಬಂದೆ!

ಓ ಇವನಾ ಅಂದರೆ ಏನು? ದಿನಾ ಬರುವವನಾ? ಬಾಕಿ ಇಟ್ಟಿರುವವನಾ? ಅಥವಾ, ಅಯ್ಯೋ ಈ ಹುಡುಗ ಏನೂ ಅಲ್ಲ, ಇವನಿಗಿಂತ ಮುಂದೆ ಹೋದವರಿದ್ದಾರೆ ಅಂತಲಾ? ಬರೀ ಸಿಗರೇಟ್ ಕೊಟ್ಟು ಗುರುತಾ, ಇಲ್ಲ ಬೇರೆಯದನ್ನೂ ಅವನೇ ಕೊಡುತ್ತಾನಾ? ನನ್ನ ಮಗನ ಬಗ್ಗೆ ನನಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿದೆ. ಅದನ್ನು ಹೇಗೆ ಸಹಿಸಿಕೊಳ್ಳಲಿ?

ಹೇಳುತ್ತೇನೆ ಕೇಳಿ. ಹೊಸ ಶರ್ಟ್ ಜೊತೆ ಒಂದು ಗುಂಡಿ ಹಾಕಿ ಕೊಡುತ್ತಾರಲ್ಲ, ಒತ್ತಿದರೆ ಮುಚ್ಚಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಕವರ್, ಹೆಬ್ಬೆರಳಷ್ಟು. ಅದು ಅವನ ಪ್ಯಾಂಟ್ ಜೇಬಿನಲ್ಲಿ ಒಗೆಯುವಾಗ ಸಿಕ್ಕಿತ್ತು. ಆಗ ಯುಗಾದಿ ಹತ್ತಿರ. ನಾನು ಬ್ಲೌಸ್ ಹೊಲಿಯುವವಳು, ಒಳ್ಳೆ ಕವರ್ ಅಂತ ಒರೆಸಿ ಗುಂಡಿ ಡಬ್ಬಿಗೆ ಹಾಕಿಟ್ಟೆ. ಹುಕ್ಸ್ ತುಂಬಿಟ್ಟೆ ಅದರಲ್ಲಿ. ಮೊನ್ನೆ ಕ್ಯಾಲ್ಕುಲೇಟರ್ ಮುಚ್ಚಳ ಜಾರಿಸಿದಾಗ ಪೇಪರ್ ಪುಸ್ತಕದ ಜೊತೆ ಅಂಥದ್ದೇ ಇನ್ನೊಂದು ಕವರ್, ಮೂಲೆಯಲ್ಲಿ ಒಣಗಿದ ಹಸಿರು ಪುಡಿ ಸ್ವಲ್ಪ. ಮೂಸಿ ನೋಡಿದೆ. ಆ ವಾಸನೆ ಅವನ ಸ್ವೆಟರ್‌ನಲ್ಲಿ ಎಷ್ಟು ತಿಂಗಳಿಂದ ಇತ್ತು! ಅಗರಬತ್ತಿಯೋ ಏನೋ ಅಂದುಕೊಂಡಿದ್ದೆ.

ಕೇಳಿದರೆ, “ಸೊಪ್ಪು ಅಷ್ಟೇ ಅಮ್ಮ, ಗಿಡದ್ದು, ಎಲ್ರೂ ಸೇದ್ತಾರೆ” ಅಂತಾನೆ. ಉಮ್ಮತ್ತಿಯೂ ಗಿಡವೇ ಅಲ್ವಾ, ಅರೆದು ಕುಡೀತೀಯಾ ಅಂದೆ. ಸುಮ್ಮನಾದ. ಹೊಡೆಯಲಿಲ್ಲ ನಾನು. ಇವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಬೆಲ್ಟ್ ಬಿಚ್ಚುತ್ತಾರೆ. ಅವನು ಮನೆ ಬಿಟ್ಟು ಹೋದರೆ ಎಲ್ಲಿ ಹೋಗುತ್ತಾನೆ? ಆ ಅಂಗಡಿ ಮುಂದೆಯೇ ತಾನೆ?

ಕಾಲೇಜು ಗೇಟಿನ ಹತ್ತಿರ ಬೋರ್ಡ್ ಹಾಕಿದ್ದಾರೆ, 100 ಗಜದೊಳಗೆ ತಂಬಾಕು ಮಾರುವ ಹಾಗಿಲ್ಲ ಅಂತ. ಇವತ್ತು ಹೆಜ್ಜೆ ಎಣಿಸಿದೆ. 54 ಹೆಜ್ಜೆ. ಆ ಕಾನೂನು ಬಂದಿದ್ದು 2003ರಲ್ಲಿ, ನನ್ನ ಮಗ ಹುಟ್ಟುವ ಮೊದಲೇ. ಈಗಂತೂ ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಸಿಗರೇಟ್ ಮಾರುವಂತೆಯೇ ಇಲ್ಲ. ನನ್ನ ಮಗನಿಗೆ 17. ಇನ್ನೂ ಒಂದಿದೆ, ಈಗ ಕೂತು ಓದಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್. ಮಕ್ಕಳಿಗೆ ಹೆಂಡ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಬರೆದಿಟ್ಟಿದ್ದು ಚೆನ್ನಾಗಿದೆ. ನಿಮ್ಮ ಬೀದಿಯಲ್ಲಿ ಯಾರನ್ನಾದರೂ ಹಿಡಿದುಕೊಂಡು ಹೋಗಿದ್ದು ನೋಡಿದ್ದೀರಾ? ಯಾರಾದರೂ ಒಬ್ಬರು ಉತ್ತರ ಕೊಡಿ. ಆ ಬೋರ್ಡಿಗೆ ಬಣ್ಣ ಹೊಡೆಸಿದವರೇ ಕೊಡಿ. ದಿನಾ ಬೆಳಿಗ್ಗೆ ಅದರ ಮುಂದೆಯೇ ಗಾಡಿ ನಿಲ್ಲಿಸಿ ಒಳಗೆ ಹೋಗುವ ಮೇಷ್ಟ್ರುಗಳೇ ಕೊಡಿ. ಕಣ್ಣಿಗೆ ಬೀಳಲ್ವಾ?

ಠಾಣೆಗೆ ಹೋಗುತ್ತೇನೆ ಅಂದರೆ ನನ್ನ ತಮ್ಮ ಬೇಡ ಅಂದ. “ಅಕ್ಕ, ಕವರ್ ಸಿಕ್ಕಿದ್ದು ನಿನ್ನ ಮಗನ ಹತ್ರ, ಅಂಗಡಿಯವನ ಹತ್ರ ಅಲ್ಲ.” ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಗಾಂಜಾ ಸೇದಿದರೂ 6 ತಿಂಗಳವರೆಗೆ ಶಿಕ್ಷೆ ಕೊಡಬಹುದಂತೆ. ಹದಿನೇಳರವನನ್ನು ಜೈಲಿಗೆ ಹಾಕದಿದ್ದರೂ ಬಾಲನ್ಯಾಯ ಮಂಡಳಿ ಮುಂದೆ ಅಲೆಸುತ್ತಾರೆ. ಗಾಂಜಾಕ್ಕೆ ಶಿಕ್ಷೆ ಹೇಳುವ ಆ ಮಾದಕ ವಸ್ತು ಕಾಯ್ದೆಯಲ್ಲೇ (ಎನ್‌ಡಿಪಿಎಸ್) 64ಎ ಅಂತಲೂ ಒಂದು ಸೆಕ್ಷನ್ ಇದೆ, ಚಟ ಬಿಡಲು ತಾವಾಗಿಯೇ ಚಿಕಿತ್ಸೆಗೆ ಹೋದವರ ಮೇಲೆ ಕೇಸ್ ನಡೆಸದ ಹಾಗೆ. ಇದನ್ನು ಪೋಷಕರ ಸಭೆಯಲ್ಲಿ ಒಬ್ಬರೂ ಹೇಳಲಿಲ್ಲ. ಹಾಜರಾತಿ, ಫೀಸು, ಮೊಬೈಲು, ಅಷ್ಟೇ ಮಾತು.

ಕಳೆದ ವರ್ಷ, 2025ರ ಜುಲೈನಲ್ಲಿ, ಮುಂಬೈ ಪೊಲೀಸರು ಬಂದು ನಮ್ಮ ಮೈಸೂರಿನಲ್ಲೇ ಎಂಡಿ ಅನ್ನುವ ಮಾದಕ ವಸ್ತು ತಯಾರಿಸುವ ಜಾಗ ಹಿಡಿದರಲ್ಲ, ಆಗ ಅಯ್ಯೋ ನಮ್ಮೂರಾ ಅಂತ ಟಿವಿ ಮುಂದೆ ಕೂತಿದ್ದೆ. ಪಕ್ಕದಲ್ಲೇ ಕೂತು ಅವನೂ ನೋಡುತ್ತಿದ್ದ. ಅದೆಲ್ಲ ದೊಡ್ಡವರ ವ್ಯವಹಾರ ಅಂದುಕೊಂಡು ಎದ್ದು ಹೋಗಿ ಒಗ್ಗರಣೆ ಹಾಕಿದೆ.

ಒಂದೊಂದು ಸಲ ಅನ್ನಿಸುತ್ತೆ, ಹೋಗಲಿ, ಎಲ್ಲರ ಮಕ್ಕಳೂ ಹೀಗೇ, ಇದು ಈ ವಯಸ್ಸಿನ ಹುಚ್ಚು, ಬಿಡುತ್ತಾನೆ. ಆ ಅಂಗಡಿಯವನಿಗೂ ಮಕ್ಕಳಿರಬಹುದು, ಅವನು ಮಾರದಿದ್ದರೆ ಮುಂದಿನ ಅಂಗಡಿಯವನು ಮಾರುತ್ತಾನೆ. ಮರುಕ್ಷಣ ಆ ಸುಣ್ಣದ ಬೆರಳು ನೆನಪಾಗಿ ಹೊಟ್ಟೆಯೊಳಗೆ ಬೆಂಕಿ ಬೀಳುತ್ತೆ. ಇಲ್ಲ, ಬಿಡಲ್ಲ ನಾನು. ನಾಳೆ ಮತ್ತೆ ಹೋಗುತ್ತೇನೆ. ಏನಂತ ಹೋಗಲಿ ಆದರೆ? ಮತ್ತೆ ಎಲ್ಲರ ಮುಂದೆ “ಇವರೇ ಅವನಮ್ಮ” ಅನ್ನಿಸಿಕೊಳ್ಳೋಕಾ?

14446ಕ್ಕೆ ಫೋನ್ ಮಾಡಿದ್ದೆ, ಸರ್ಕಾರದ್ದೇ ಸಹಾಯವಾಣಿ. ಮಾತಾಡಿದವರು ಒಳ್ಳೆಯ ರೀತಿಯಲ್ಲೇ ಕೇಳಿದರು. “ಎಷ್ಟು ದಿನದಿಂದ ತಗೊಳ್ತಿದಾರಮ್ಮ?” ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಯುಗಾದಿಯಿಂದಾ, ಅದಕ್ಕೂ ಮೊದಲಾ? ಅಳು ಬಂದು ಫೋನ್ ಇಟ್ಟುಬಿಟ್ಟೆ. ನಾಳೆ ಮತ್ತೆ ಮಾಡಬೇಕು. ತಮ್ಮ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗೋಣ ಅಂತಾನೆ, ಬೆಂಗಳೂರಿಗೆ. ಇವರಿಗೆ ಏನು ಹೇಳಿ ಕರೆದುಕೊಂಡು ಹೋಗಲಿ?

ಫೋನ್ ಗಾಜಿನ ಮೇಲೆ ಆ ಸುಣ್ಣದ ಗುರುತು ಹಾಗೇ ಇದೆ, ಅವನ ಕೆನ್ನೆ ಬರುವ ಜಾಗದಲ್ಲೇ. ಒರೆಸಬೇಕು. ಒಳಗೆ ಮಲಗಿದ್ದಾನೆ, ಕಾಲು ಮಡಚಿಕೊಂಡು, ಚಿಕ್ಕವನಿದ್ದಾಗ ಮಲಗುತ್ತಿದ್ದ ಹಾಗೇ. ಬೆಳಿಗ್ಗೆ 7.40ರ ಬಸ್ಸು. ಅದು ನಿಲ್ಲುವುದೂ ಅದೇ ಅಂಗಡಿ ಮುಂದೆ.