ಸ್ಪಷ್ಟನೆ: ಸಾಲ ಕೊಟ್ಟವರ ಟೈಟಲ್ ಇನ್ಶೂರೆನ್ಸ್ ನಿಮ್ಮದಲ್ಲ

ಟೈಟಲ್ ಇನ್ಶೂರೆನ್ಸ್ ಅಂದರೆ ಮನೆಯ ಮಾಲೀಕತ್ವದ ಬಗ್ಗೆ ತಕರಾರು ಬಂದರೆ ನಷ್ಟ ತುಂಬುವ ವಿಮೆ. ಅಮೆರಿಕದಲ್ಲಿ ಮನೆ ಕೊಳ್ಳುವ ಕನ್ನಡಿಗರ ನಡುವೆ ಒಂದು ಮೆಸೇಜ್ ಓಡಾಡುತ್ತಿದೆ: 'ಬ್ಯಾಂಕಿನ ಟೈಟಲ್ ಇನ್ಶೂರೆನ್ಸ್‌ಗೆ ನೀವೇ ದುಡ್ಡು ಕಟ್ಟಿರುತ್ತೀರಿ, ಅದೇ ಸಾಕು. ಓನರ್ಸ್ ಪಾಲಿಸಿ (ಮನೆ ಕೊಳ್ಳುವವರ ಹೆಸರಿನ ಟೈಟಲ್ ಇನ್ಶೂರೆನ್ಸ್) ದುಡ್ಡು ದಂಡ.'

ಇದು ತಪ್ಪು. ದುಡ್ಡು ನಿಮ್ಮದಾದರೂ ಆ ಪಾಲಿಸಿ ಕಾಯುವುದು ಬ್ಯಾಂಕಿನ ಸಾಲವನ್ನು ಮಾತ್ರ. ಸಾಲ ತೀರಿದಂತೆ ಅದೂ ಕರಗುತ್ತದೆ. ನಾಳೆ ಹಳೇ ಮಾಲೀಕರ ವಾರಸುದಾರರೊಬ್ಬರು 'ನನಗೂ ಪಾಲಿದೆ' ಅಂತ ಕೋರ್ಟಿಗೆ ಹೋದರೆ? ಓನರ್ಸ್ ಪಾಲಿಸಿ ಇಲ್ಲದಿದ್ದರೆ ವಕೀಲರ ಫೀಸು ನಿಮ್ಮ ತಲೆಗೇ. ಕೇಸು ಸೋತರೆ ಡೌನ್ ಪೇಮೆಂಟೂ ಹೋಯಿತು.

ಓನರ್ಸ್ ಪಾಲಿಸಿಗೆ ಪ್ರೀಮಿಯಂ ಒಂದೇ ಸಲ, ಕ್ಲೋಸಿಂಗ್ (ಮನೆ ಖರೀದಿ ಮುಗಿಸುವ) ಹೊತ್ತಿಗೆ. ಕೆಲವು ಕಡೆ ಮಾರುವವರೇ ಕಟ್ಟುವುದೂ ಉಂಟು, ಕೇಳಿ ನೋಡಿ. ಸಾಲ, ಖರ್ಚುಗಳ ಅಂತಿಮ ಲೆಕ್ಕಪತ್ರವಾದ ಕ್ಲೋಸಿಂಗ್ ಡಿಸ್‌ಕ್ಲೋಷರ್‌ನಲ್ಲಿ ಅದರ ಮುಂದೆ 'ಆಪ್ಷನಲ್' ಅಂತ ಇರುತ್ತದೆ. ಕಡ್ಡಾಯ ಅಲ್ಲ ಅಂದಮಾತ್ರಕ್ಕೆ ದಂಡ ಅಂತ ಅಲ್ವಲ್ಲ!

ಎರಡು ಪಾಲಿಸಿಗಳೂ ಬೇರೆ ಬೇರೆ ಎಂದು ಅಲ್ಲಿನ ಸರ್ಕಾರದ ಗ್ರಾಹಕ ಸಂಸ್ಥೆ ಸಿಎಫ್‌ಪಿಬಿಯೇ ವಿವರಿಸಿದೆ. ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.