ಮಹಾರಾಜರು ಕೊಡಿಸಿದ ಸಂಗೀತ

ನಮ್ಮ ಮನೆಯಲ್ಲಿ ಅರ್ಧ ಗಂಟೆ ಗಲಾಟೆ ಇಲ್ಲದೆ ಸಿಗುವುದು ಕರೆಂಟ್ ಹೋದಾಗ ಮಾತ್ರ. ಕರೆಂಟ್ ಹೋದರೆ ಸ್ಪೀಕರ್ ಹಾಡುವುದಿಲ್ಲ. ಹಾಗಾಗಿ ನಿಕೊಲಾಯ್ ಮೆಟ್ನರ್‌ನ ಮೂರನೇ ಪಿಯಾನೋ ಕಾನ್ಚೆರ್ಟೊ, ಅಂದರೆ ಒಂದು ಪಿಯಾನೋ ಮತ್ತು ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ ದೊಡ್ಡ ಕೃತಿ, ನನಗೆ ಧಾರಾವಾಹಿಯ ಕಂತುಗಳಲ್ಲೇ ಪರಿಚಯ.

ಮೆಟ್ನರ್ ಯಾರು ಅಂತ ಕೇಳಿದರೆ ತಪ್ಪೇನಿಲ್ಲ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು, ಪಿಯಾನೋ ನುಡಿಸುತ್ತಿದ್ದ, ಸಂಗೀತ ರಚಿಸುತ್ತಿದ್ದ. ರಷ್ಯಾದ ಇನ್ನೊಬ್ಬ ಸಂಗೀತಗಾರ ರಾಖ್ಮನಿನೋವ್‌ನ ಸ್ನೇಹಿತ. ಸ್ನೇಹಿತ ಜಗತ್ತಿಗೆಲ್ಲ ಗೊತ್ತಾದ, ಇವನು ಆಗಲಿಲ್ಲ. ಬೇರೆಯವರೆಲ್ಲ ಹೊಸ ಥರದ ಸಂಗೀತದ ಹಿಂದೆ ಬಿದ್ದಾಗಲೂ ಇವನು ಹತ್ತೊಂಬತ್ತನೇ ಶತಮಾನದ ಹಳೇ ರೊಮ್ಯಾಂಟಿಕ್ ಶೈಲಿಯ ದಾರಿ ಬಿಡಲಿಲ್ಲ. ಹಟಮಾರಿ. ಕೊನೆಗೆ ಲಂಡನ್ ಸೇರಿದ. ಎರಡನೇ ಮಹಾಯುದ್ಧ ಬಂದು, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡೂ ನಿಂತುಹೋಯಿತು. ಆಮೇಲೆ ಅವನ ಕೈ ಹಿಡಿದವರು ನಮ್ಮ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅದೇ ಮಹಾರಾಜರು, ಪಿಯಾನೋ ಕೂಡ ಬಲ್ಲವರು. ಮೆಟ್ನರ್‌ನ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟರು. 1947ರಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ನಿರ್ದೇಶನಕ್ಕೆ ಇಸ್ಸಾಯ್ ದೊಬ್ರೋವೆನ್, ಪಿಯಾನೋ ಮುಂದೆ 67 ವರ್ಷದ ಮೆಟ್ನರ್ ತಾನೇ. ಹೃದಯದ ಕಾಯಿಲೆ ಬೇರೆ. ಈ ಕಾನ್ಚೆರ್ಟೊವನ್ನು ಅವನು ಅರ್ಪಿಸಿದ್ದೂ ಮೈಸೂರು ಮಹಾರಾಜರಿಗೇ.

ಇಷ್ಟೆಲ್ಲ ಗೊತ್ತಾದ ಮೇಲೆ ಮೈಸೂರಿನಲ್ಲೇ ಇದ್ದುಕೊಂಡು ಕೇಳದೇ ಇರೋಕಾಗುತ್ತಾ?

ಹಳೇ ರೆಕಾರ್ಡಿಂಗ್. ಸಂಗೀತಕ್ಕಿಂತ ಮೊದಲು ಸುಂಯ್ ಅನ್ನೋ ಸದ್ದು ಬರುತ್ತದೆ. ನಾನು ಕಣ್ಣು ಮುಚ್ಚಿದ್ದೇ ತಡ, ಒಳಗಿನಿಂದ ಹೆಂಡತಿಯ ಧ್ವನಿ. "ರೀ, ನಲ್ಲಿ ಹಾಗೇ ಬಿಟ್ಟು ಬಂದ್ರಾ?" ಇಲ್ಲ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಬಚ್ಚಲಮನೆ ನೋಡಿದಳು, ಹಿತ್ತಲ ನಲ್ಲಿ ನೋಡಿದಳು, ಮಹಡಿ ಹತ್ತಿ ಟ್ಯಾಂಕ್ ತುಂಬಿ ಹರಿಯುತ್ತಿದೆಯಾ ಅಂತಲೂ ನೋಡಿ ಬಂದಳು. ಮೆಟ್ಟಿಲಿಳಿದು ಬರುವಷ್ಟರಲ್ಲಿ ಆರ್ಕೆಸ್ಟ್ರಾ ಮೇಲೇರಿತ್ತು.

ಅಮ್ಮ ಸೋಫಾ ಪಕ್ಕ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. "ಏನೋ ಇದು, ಒಂದೇ ಸಮ ಗುದ್ದುತಾನೆ" ಅಂದಳು. ಮಹಾರಾಜರು ದುಡ್ಡು ಕೊಟ್ಟು ಮಾಡಿಸಿದ್ದು ಅಂದೆ. ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಮೊದಲೇ ಹೇಳೋಕೇನಾಗಿತ್ತು? ಜೋರಾಗಿ ಇಡು."

ಆದಿ ತಾಳ ಹಾಕಿ ನೋಡಿದಳು. ಎಣಿಕೆ ಕೂರಲಿಲ್ಲ. ರೂಪಕಕ್ಕೆ ಹೋದಳು. ಅದೂ ಜಾರಿತು. "ಪಾಪ, ವಯಸ್ಸಾಗಿದೆ ಅಲ್ವಾ ಅವರಿಗೆ" ಅಂತ ಕ್ಷಮಿಸಿ, ಮತ್ತೆ ಅವರೆಕಾಳಿಗೆ ಕೈ ಹಾಕಿದಳು. ಪಿಯಾನೋ ಓಡಿದ ಹಾಗೆ ಹಿದುಕುವ ಕೈಯೂ ಚುರುಕಾಯಿತು. ಬೇಳೆಯೊಂದು ಸಿಪ್ಪೆ ಬಿಟ್ಟು ಚಿಮ್ಮಿ, ಸ್ಪೀಕರಿನ ಜಾಲರಿಗೆ ಟಪ್ ಅಂತ ಬಡಿದು, ಅಲ್ಲೇ ಅಂಟಿಕೊಂಡಿತು.

"ಇದಕ್ಕೆ ಕಥೆ ಏನಾದ್ರೂ ಇದೆಯಾ?"

ಇದೆ. ರಷ್ಯನ್ ಕವಿ ಲೆರ್ಮಂತೋವ್‌ನ ಕವಿತೆ. ಬೆಳದಿಂಗಳಲ್ಲಿ ನದಿಯ ಜಲಕನ್ಯೆ ಹಾಡುತ್ತಾಳೆ. ನದಿಯ ತಳದಲ್ಲಿ ಒಬ್ಬ ವೀರ ಮಲಗಿದ್ದಾನೆ. ಅವಳು ಎಷ್ಟು ಮುದ್ದಿಸಿದರೂ ಅವನು ಏಳುವುದಿಲ್ಲ.

"ಸತ್ತಿದಾನೆ ಅಂತ ಯಾರೂ ಹೇಳ್ಲಿಲ್ವಾ ಅವಳಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಕಾನ್ಚೆರ್ಟೊದ ಮೂರು ಭಾಗಗಳು ಒಂದಕ್ಕೊಂದು ಸೇರಿಕೊಂಡಿವೆ, ನಡುವೆ ನಿಲ್ಲಿಸುವ ಹಾಗಿಲ್ಲ. ಆದರೆ ನನ್ನ ಫೋನಿನ ಆ್ಯಪ್‌ಗೆ ಅವು ಮೂರು ಬೇರೆ ಬೇರೆ ಹಾಡು, ನಡುವೆ ಜಾಹೀರಾತಿಗೆ ಜಾಗ. ಅಮ್ಮ ಹೇಳಿದ ಹಾಗೆ ಸೌಂಡ್ ಜೋರಾಗಿ ಇಟ್ಟಿದ್ದೆ. ಮೊದಲ ಭಾಗ ಮುಗಿಯಿತೋ ಇಲ್ಲವೋ, ಟಾಯ್ಲೆಟ್ ಕ್ಲೀನರಿನವನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ, "ನಿಮ್ಮ ಮನೆಯ ಕಮೋಡ್ ಹೊಳೆಯುತ್ತಿದೆಯೇ?" ಎದುರುಮನೆಯ ಅಂಕಲ್ ಕಿಟಕಿಯಿಂದ ಇಣುಕಿದರು. ಎರಡನೇ ಭಾಗ ಬಹಳ ಚಿಕ್ಕದು, ಒಂದೆರಡು ನಿಮಿಷದ್ದು. ಅಷ್ಟನ್ನೂ ಈರುಳ್ಳಿ ಗಾಡಿಯವನು ನುಂಗಿದ. "ನೂರು ರೂಪಾಯ್ಗೆ ನಾಲ್ಕು ಕೇಜಿ" ಅಂತ ಅವನದೂ ರೆಕಾರ್ಡಿಂಗೇ. ಅದರಲ್ಲಿ ಸುಂಯ್ ಸದ್ದು ಇರಲಿಲ್ಲ, ಅಷ್ಟು ಒಪ್ಪಬೇಕು. ಹೆಂಡತಿ ಚೀಲ ಹಿಡಿದು ಓಡಿದಳು. ಮತ್ತೆ ಕಮೋಡ್ ಬಂತು.

ಹಳೇ ಕಾಲದಲ್ಲೂ ಇದು ತಪ್ಪಿರಲಿಲ್ಲ ಅಂತ ಅಮ್ಮನಿಗೆ ಸಮಾಧಾನ ಹೇಳಿದೆ. 78 ಆರ್‌ಪಿಎಂ ಪ್ಲೇಟಿನ ಒಂದು ಮುಖಕ್ಕೆ ನಾಲ್ಕೈದು ನಿಮಿಷ ಅಷ್ಟೇ. ಎದ್ದು ಎದ್ದು ತಿರುಗಿಸಿ ಹಾಕಬೇಕಿತ್ತು. ಜೊತೆಗೆ ಇನ್ನೊಂದು ಕಥೆಯನ್ನೂ ಸೇರಿಸಿದೆ. 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ. ಮಹಾರಾಜರಿಗೆ ಹೋಗಲಾಗಲಿಲ್ಲ. ಕಛೇರಿಯ ಖರ್ಚಿಗೆ ತಾವೇ ಜವಾಬ್ದಾರಿ ಹೊತ್ತು, ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸುವ ಹಾಗೆ ಏರ್ಪಾಡು ಮಾಡಿಸಿದರು.

"ನೋಡು, ಅವರು ದುಡ್ಡು ಕೊಟ್ಟು ತರಿಸ್ಕೊಂಡ್ರು" ಅಂದಳು ಅಮ್ಮ. "ನಿನ್ನ ಹಾಗೆ ಪುಕ್ಕಟೆ ಕೇಳೋಕೆ ಹೋಗಿ ಮನೆಯವರಿಗೆಲ್ಲ ಕಕ್ಕಸಿನ ಜಾಹೀರಾತು ಕೇಳಿಸ್ಲಿಲ್ಲ."

ಆವತ್ತೇ ಆ್ಯಪ್‌ಗೆ ತಿಂಗಳ ಚಂದಾ ಕಟ್ಟಿದೆ. ಬರುವ ಶುಕ್ರವಾರ ಅಮ್ಮನ ಭಜನಾ ಮಂಡಳಿಯವರು ಮನೆಗೆ ಬರುತ್ತಿದ್ದಾರೆ. ಮಹಾರಾಜರ ಸಂಗೀತ ಇದೆ ಅಂತ ಹೇಳಿ ಕರೆದಿದ್ದಾಳಂತೆ. ಕೋಸಂಬರಿ, ಪಾನಕ ಅವಳದು. ನದಿ ತಳದಲ್ಲಿರೋನು ಸತ್ತಿದಾನೆ ಅಂತ ಮೊದಲೇ ಬಾಯಿಬಿಡಬೇಡ ಅಂತ ನನಗೆ ತಾಕೀತಾಗಿದೆ.