ತಲೆಗೊಂದು ದೊಣ್ಣೆಮೆಣಸಿನಕಾಯಿ

ನಮ್ಮ ಅಡುಗೆಗೆ ತಲೆಲೆಕ್ಕ ಒಗ್ಗುವುದಿಲ್ಲ. ಊಟದ ಹೊತ್ತಿಗೆ ಇಬ್ಬರು ಹೆಚ್ಚಿಗೆ ಬಂದರೆ ಸಾರಿಗೆ ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು, ಇನ್ನೊಂದು ಕುದಿ. ಬಂದವರಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಹೇಳುವುದಿಲ್ಲ. ಪಲ್ಯ ಸಾಲದು ಅನ್ನಿಸಿದರೆ ಕಾಯಿತುರಿ ಜಾಸ್ತಿ ಬೀಳುತ್ತದೆ. ಮೊಸರು ಮಜ್ಜಿಗೆಯಾಗುತ್ತದೆ. ಚಪಾತಿ ಎಣಿಸುತ್ತೇವೆ ನಿಜ. ಆದರೆ ಎಣಿಸುತ್ತಿದ್ದೇವೆ ಅಂತ ತಿನ್ನುವವರಿಗೆ ಗೊತ್ತಾಗಬಾರದು, ಅದು ಮರ್ಯಾದೆ.

ಇಂಥ ಮನೆಯಲ್ಲಿ ದೊಣ್ಣೆಮೆಣಸಿನಕಾಯಿಗೆ ಹೂರಣ ತುಂಬಿ, ಓವನ್‌ನಲ್ಲಿ ಬೇಯಿಸಿ, ರಾತ್ರಿ ಊಟಕ್ಕೆ ಇಡುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಇದು ತಲೆಗೊಂದು. ಅತ್ತೆ, ಮಾವ, ನಾವಿಬ್ಬರು, ಮಕ್ಕಳಿಬ್ಬರು. ಆರು ಜನ, ಆರು ಕಾಯಿ. ಟ್ರೇ ಹೊರಗೆ ಬಂದ ಕೂಡಲೇ ಲೆಕ್ಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಯಾರಾದರೂ 'ಇಲ್ಲೇ ಈ ಕಡೆ ಬಂದಿದ್ವಿ' ಅಂತ ನಿಂತರೆ ನೀರು ಹಾಕಿ ಹಿಗ್ಗಿಸುವುದಕ್ಕೆ ಬರುವುದಿಲ್ಲ.

ಆದರೂ ನನಗೆ ಈ ಅಡುಗೆ ಇಷ್ಟ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಕಾಯಿ ಆರಿಸಬೇಕು.

ತುಂಬುವುದಕ್ಕೆ ತರುವ ಕಾಯಿ ನೆಟ್ಟಗೆ ನಿಲ್ಲಬೇಕು. ಅದೊಂದೇ ನನ್ನ ಪರೀಕ್ಷೆ. ಬುಡದಲ್ಲಿ ನಾಲ್ಕು ಉಬ್ಬು ಇರುವುದು ಸಾಮಾನ್ಯವಾಗಿ ನಿಲ್ಲುತ್ತದೆ, ಮೂರು ಇರುವುದು ವಾಲುತ್ತದೆ. ವಾಟ್ಸ್‌ಆಪ್‌ನಲ್ಲಿ ಇದರ ಬಗ್ಗೆ ಒಂದು ದೊಡ್ಡ ಶಾಸ್ತ್ರವೇ ಓಡಾಡುತ್ತದೆ. ನಾಲ್ಕು ಉಬ್ಬಿನದು ಹೆಣ್ಣಂತೆ, ಸಿಹಿಯಂತೆ, ಹಸಿಯಾಗಿ ತಿನ್ನಬೇಕಂತೆ. ಮೂರು ಉಬ್ಬಿನದು ಗಂಡಂತೆ, ಬೇಯಿಸಬೇಕಂತೆ. ಸುಳ್ಳು. ಮೆಣಸಿನ ಗಿಡದ ಒಂದೊಂದು ಹೂವಿನಲ್ಲೂ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ. ಕಾಯಿಗೆ ಲಿಂಗ ಇಲ್ಲ. ಉಬ್ಬು ಎಷ್ಟು ಅನ್ನುವುದು ತಳಿಯ ಮೇಲೆ, ಬೆಳೆದ ರೀತಿಯ ಮೇಲೆ ಹೋಗುತ್ತದೆ. ಈ ಮೆಸೇಜನ್ನು ನನಗೆ ಕಳಿಸುವವರು ಯಾವಾಗಲೂ ಅಡುಗೆ ಮಾಡದ ಗಂಡಸರೇ ಅನ್ನುವುದನ್ನು ಇಲ್ಲಿ ಸುಮ್ನೆ ಹೇಳಿಟ್ಟಿರುತ್ತೇನೆ.

ನಾನು ಗಾಡಿಯ ಅಂಚಿನಲ್ಲಿ ಒಂದೊಂದೇ ಕಾಯಿ ನಿಲ್ಲಿಸಿ ನೋಡುತ್ತಿದ್ದರೆ ತರಕಾರಿಯವನಿಗೆ ಸಹನೆ ತಪ್ಪುತ್ತದೆ. "ಅಕ್ಕಾ, ತರಕಾರಿ ತಗೋತೀರೋ, ಬುಗುರಿ ಆಡಿಸ್ತೀರೋ?"

ಬಣ್ಣದ್ದೊಂದು ಯೋಚನೆ ಬೇರೆ. ಹಸಿರು, ಕೆಂಪು, ಹಳದಿ ಬೇರೆ ಬೇರೆ ತರಕಾರಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಸಿರು ಅಂದರೆ ಇನ್ನೂ ಹಣ್ಣಾಗದ ಕಾಯಿ, ಅಷ್ಟೇ. ಗಿಡದಲ್ಲೇ ಬಿಟ್ಟರೆ ತಳಿಗೆ ತಕ್ಕಂತೆ ಕೆಂಪೋ ಹಳದಿಯೋ ಆಗುತ್ತದೆ, ಸಿಹಿಯೂ ಏರುತ್ತದೆ. ಅಷ್ಟು ದಿನ ಹುಳ, ಮಳೆ, ಬಿಸಿಲು ಎಲ್ಲದರಿಂದ ಅದನ್ನು ಕಾಯಬೇಕು. ಅದಕ್ಕೇ ಬಣ್ಣದ ಕಾಯಿಗೆ ಬೆಲೆ ಜಾಸ್ತಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಸ್ತೆ ಪಕ್ಕದಲ್ಲಿ ಬೆಳ್ಳಗೆ ಕಾಣುವ ಪಾಲಿಹೌಸ್‌ಗಳಲ್ಲಿ ಇವನ್ನು ಬೆಳೆಯುತ್ತಾರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ದೊಣ್ಣೆಮೆಣಸಿನ ತಳಿಗಳೂ ಇವೆ. ಅರ್ಕ ಮೋಹಿನಿ, ಅರ್ಕ ಗೌರವ, ಅರ್ಕ ಬಸಂತ್. ಒಂದೇ ಮನೆಯ ಮೂರು ಮಕ್ಕಳ ಹೆಸರಿನಂತಿವೆ.

ಓವನ್‌ಗೆ ಹಾಕುವುದಾದರೆ ನನ್ನ ಓಟು ಕೆಂಪಿಗೆ. ಹಸಿರು ಕಾಯಿ ಮುಕ್ಕಾಲು ಗಂಟೆ ಬೆಂದರೆ ಅದರ ಹಸಿರು ಸತ್ತು ಹೋಗುತ್ತದೆ. ಹಸಿರು ಬಣ್ಣ ಕೊಡುವ ಪತ್ರಹರಿತ್ತಿನಲ್ಲಿರುವ ಮೆಗ್ನೀಷಿಯಂ ಬಿಸಿಗೂ ಹುಳಿಗೂ ಸೇರಿ ಕಳಚಿಕೊಂಡು, ಮಂಕು ಕಂದು ಹಸಿರು ಉಳಿಯುತ್ತದೆ. ಕೆಂಪು, ಹಳದಿ ಬಣ್ಣ ಹಾಗಲ್ಲ, ಗಟ್ಟಿ. ಮನೆಯವರೆಲ್ಲ ಕೂತಾಗ ಮೇಜಿನ ಮೇಲೆ ಚೆಂದ ಕಾಣಬೇಕು ಅಲ್ವಾ?

ನಮ್ಮ ಅತ್ತೆ ಧಾರವಾಡದ ಕಡೆಯವರು. ಅವರಿಗೆ ಬಣ್ಣದ ಚಿಂತೆ ಇಲ್ಲ, ಅವರ ತಕರಾರು ಮೂಲದಲ್ಲೇ.

"ಖಾರನ ಇಲ್ಲದ ಮೆಣಸಿನಕಾಯಿ ತಗೊಂಡು ಏನ್ ಮಾಡೂದವಾ?"

ಖಾರ ಕೊಡುವುದು ಕ್ಯಾಪ್ಸೈಸಿನ್ ಅನ್ನುವ ವಸ್ತು, ಅದನ್ನು ತಯಾರು ಮಾಡುವ ಒಂದು ವಂಶವಾಹಿ ದೊಣ್ಣೆಮೆಣಸಿನ ತಳಿಗಳಲ್ಲಿ ಕೆಲಸ ಮಾಡುವುದಿಲ್ಲ, ಹಾಗಾಗಿ ಖಾರ ಅಳೆಯುವ ಸ್ಕೋವಿಲ್ ಪಟ್ಟಿಯಲ್ಲಿ ಇದಕ್ಕೆ ಸೊನ್ನೆ ಅಂತ ನಾನು ವಿವರಿಸಿದೆ. ಸೊನ್ನೆ ಅಂದದ್ದು ನನ್ನ ಪರವಾಗಿ ಕೆಲಸ ಮಾಡಲಿಲ್ಲ. ಬ್ಯಾಡಗಿಯ ಹೆಸರು ಎತ್ತಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದದ್ದು, ನಿಮ್ಮ ಕಡೆಯದೇ, ಅದನ್ನೂ ಜನ ಬಣ್ಣಕ್ಕೆ ತಗೋತಾರೆ, ಖಾರ ಕಡಿಮೆನೇ ಅಲ್ವಾ ಅತ್ತೆ ಅಂದೆ.

"ಕಡಿಮಿ ಬ್ಯಾರೆ, ಇಲ್ಲದ್ದು ಬ್ಯಾರೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಡಗಿಯೂ ಕ್ಯಾಪ್ಸಿಕಂನೂ ಒಂದೇ ಜಾತಿಯ ಗಿಡ, ಮೆಣಸಿನಕಾಯಿ ಪೂರ್ತಿಯಾಗಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಅದಕ್ಕೂ ಮುಂಚೆ ಖಾರಕ್ಕೆ ಹೆಚ್ಚಾಗಿ ಕರಿಮೆಣಸೇ ಗತಿ ಅಂತೆಲ್ಲ ಹೇಳಬಹುದಿತ್ತು. ಊಟದ ಹೊತ್ತಿನಲ್ಲಿ ಅತ್ತೆಯ ಮೆಣಸಿನಕಾಯಿಯನ್ನು ಪರದೇಶದ್ದು ಮಾಡುವುದು ಬೇಡ ಅನ್ನಿಸಿತು.

ಊಟಕ್ಕೆ ಕೂತು ಮೆಣಸಿನಕಾಯಿ ಬೇಡ ಅಂದವರಲ್ಲಿ ದೊಡ್ಡವರೂ ಇದ್ದಾರೆ. ಹಂಗೇರಿಯ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಅಂತ ಒಬ್ಬ ವಿಜ್ಞಾನಿ. ಒಂದು ರಾತ್ರಿ ಊಟಕ್ಕೆ ಕೆಂಪು ಮೆಣಸಿನಕಾಯಿ ಬಂತು. ಆತನಿಗೆ ತಿನ್ನುವ ಮನಸ್ಸಿಲ್ಲ. ಹೇಗೆ ತಪ್ಪಿಸಿಕೊಳ್ಳುವುದು ಅಂತ ಯೋಚಿಸಿದ. ತಾನು ಇನ್ನೂ ಪರೀಕ್ಷೆ ಮಾಡದ ಗಿಡ ಇದೇ ಅಂತ ಹೊಳೆಯಿತು. ಅದನ್ನೆತ್ತಿಕೊಂಡು ಪ್ರಯೋಗಾಲಯಕ್ಕೆ ಹೋದ. ಮಧ್ಯರಾತ್ರಿಯ ಹೊತ್ತಿಗೆ ಅದರಲ್ಲಿ ವಿಟಮಿನ್ ಸಿ ಭರ್ತಿ ತುಂಬಿದೆ ಅಂತ ಗೊತ್ತಾಯಿತು. 1937ರಲ್ಲಿ ಆತನಿಗೆ ನೊಬೆಲ್ ಬಂತು. ಈ ಕಥೆ ಆತನೇ ಹೇಳಿಕೊಂಡದ್ದು. ನಾನಿದನ್ನು ಮಕ್ಕಳಿಗೆ ಹೇಳಬಾರದಿತ್ತೇನೋ. ಈಗ ಮಗ ತಟ್ಟೆಯಲ್ಲಿ ಏನು ಬಿಟ್ಟರೂ ಅದು ಸಂಶೋಧನೆಗೆ.

ಹೂರಣದ ವಿಷಯಕ್ಕೆ ಬರೋಣ. ಕಾಯಿಯೊಳಗೆ ತುಂಬಿ ಬೇಯಿಸುವುದು ಎಷ್ಟೋ ದೇಶಗಳಲ್ಲಿದೆ. ತುರ್ಕಿಯವರು ಅಕ್ಕಿ ತುಂಬುತ್ತಾರೆ, ಹಂಗೇರಿಯವರು ಅಕ್ಕಿ, ಮಾಂಸ ಸೇರಿಸಿ ಟೊಮೆಟೊ ರಸದಲ್ಲಿ ಬೇಯಿಸುತ್ತಾರೆ, ಅಮೆರಿಕದವರು ಮೇಲೆ ಚೀಸ್ ಹಾಕಿ ಓವನ್‌ಗೆ ತಳ್ಳುತ್ತಾರೆ. ನಮಗೆ ಎಣಗಾಯಿ ಗೊತ್ತಿರುವಾಗ ಹೂರಣಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಒಂದಿಷ್ಟು ಹುಣಸೆ, ಬೆಲ್ಲ, ಮಸಾಲೆ ಖಾರ. ಇದಕ್ಕೆ ಉದುರು ಅನ್ನ, ಬಾಡಿಸಿದ ಈರುಳ್ಳಿ, ಪನೀರ್ ಪುಡಿ ಮಾಡಿ ಸೇರಿಸಿದರೆ ಆಯಿತು.

ಅನ್ನ ಬೆಂದದ್ದೇ ಆಗಬೇಕು. ಈ ಬಗೆಯ ಒಣ ಹೂರಣದಲ್ಲಿ ಹಸಿ ಅಕ್ಕಿ ಬೇಯುವಷ್ಟು ನೀರು ಇರುವುದಿಲ್ಲ, ಹಲ್ಲಿಗೆ ಸಿಗುತ್ತದೆ. ಆದರೆ ಕಾಯಿಯ ಗೋಡೆಯಲ್ಲಿ ನೀರು ಬೇಕಾದಷ್ಟಿದೆ. ದೊಣ್ಣೆಮೆಣಸಿನಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಬಿಸಿ ತಾಗಿದ ಕೂಡಲೇ ಅದು ಒಳಗೆ ಇಳಿದು ಬುಡದಲ್ಲಿ ನಿಲ್ಲುತ್ತದೆ. ಅದಕ್ಕೆ ತುಂಬುವ ಮೊದಲು ಬುಡಕ್ಕೆ ಒಂದು ಚಮಚ ಹುರಿಗಡಲೆ ಪುಡಿ ಉದುರಿಸಿಬಿಡಿ. ಇಳಿದ ರಸವನ್ನೆಲ್ಲ ಅದು ಕುಡಿದು ತಾನೇ ಒಂದು ಗೊಜ್ಜಾಗುತ್ತದೆ. ಕೊನೆಯ ತುತ್ತಿಗೆ ಸಿಗುವ ಆ ಗೊಜ್ಜೇ ನನ್ನ ಪ್ರಕಾರ ಇಡೀ ಅಡುಗೆಯಲ್ಲಿ ಒಳ್ಳೆಯದು.

ತಲೆಗೊಂದು ಅನ್ನುವುದರ ಸುಖ ಇರುವುದು ಈ ತುಂಬುವ ಹೊತ್ತಿನಲ್ಲಿ. ಮಾವನಿಗೆ ಸಕ್ಕರೆ ಕಾಯಿಲೆ, ಅವರದಕ್ಕೆ ಅನ್ನದ ಬದಲು ನವಣೆ. ಅತ್ತೆಗೆ ಶ್ರಾವಣದಲ್ಲಿ ಈರುಳ್ಳಿ ಬೆಳ್ಳುಳ್ಳಿ ಆಗದು. ನಮ್ಮವರಿಗೆ ಹಸಿಮೆಣಸಿನಕಾಯಿ ಹೆಚ್ಚಿ ಹಾಕಬೇಕು, ಮೆಣಸಿನಕಾಯಿಯೊಳಗೆ ಮೆಣಸಿನಕಾಯಿ. ಮಗನಿಗೆ ಜೋಳದ ಕಾಳು, ಚೀಸ್. ಮಗಳಿಗೆ ಈಚೆಗೆ ಹಾಲಿನದು ಯಾವುದೂ ಬೇಡ, ಯಾಕೆ ಅಂತ ಕೇಳುವ ಹಾಗಿಲ್ಲ. ಸಾಂಬಾರಿನ ಪಾತ್ರೆಯಲ್ಲಿ ಇಷ್ಟು ಜನರನ್ನು ಬೇರೆ ಬೇರೆಯಾಗಿ ಸಮಾಧಾನ ಮಾಡಲು ಸಾಧ್ಯವೇ? ಅಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು, ಹೆಚ್ಚಾಗಿ ಬಿಟ್ಟುಕೊಡುವವಳು ಅಡುಗೆ ಮಾಡಿದವಳೇ. ಇಲ್ಲಿ ಒಂದೊಂದು ಕಾಯಿಯೂ ಅವರವರ ಸ್ವಂತ ಮನೆ. ಗುರುತಿಗೆ ಅತ್ತೆಯದರ ಮುಚ್ಚಳಕ್ಕೆ ಒಂದು ಲವಂಗ ಚುಚ್ಚುತ್ತೇನೆ, ಮಾವನದಕ್ಕೆ ಎರಡು.

ಓವನ್ ನಮ್ಮ ಅಡುಗೆಮನೆಯ ಹಳೆಯ ನೆಂಟನಲ್ಲ. ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡುವುದು ಗೊತ್ತಿತ್ತು, ಆದರೆ ನಾಲ್ಕೂ ಕಡೆಯಿಂದ ಬಿಸಿ ಬೇಕು ಅಂದರೆ ಬೇಕರಿಗೇ ಹೋಗಬೇಕಿತ್ತು. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಬೆಂಗಳೂರಿನ ಬೀದಿ ಬೀದಿಯಲ್ಲಿ ಬೇಕರಿ ಇಟ್ಟು ಖಾರ ಬನ್ನು, ಪಲ್ಯದ ಬನ್ನು ಸುಟ್ಟು ಕೊಡುತ್ತಿರುವಾಗ ಮನೆಯಲ್ಲಿ ಓವನ್ ಯಾರಿಗೆ ಬೇಕು? ಈಗ ಬಂದು ಕೂತಿದೆ. ವರ್ಷದಲ್ಲಿ ಹೆಚ್ಚು ದಿನ ಅದು ಒಂದು ಬೀರು. ಹಾಗಾಗಿ ಪಾಕವಿಧಾನಗಳಲ್ಲಿ 'ಓವನ್ ಮೊದಲೇ ಬಿಸಿ ಮಾಡಿಟ್ಟುಕೊಳ್ಳಿ' ಅಂತ ಬರೆದಿದ್ದರೆ, ನಮ್ಮ ಮನೆಯಲ್ಲಿ ಅದರ ಮೊದಲ ಹೆಜ್ಜೆ ಒಳಗಿರುವ ಹಪ್ಪಳದ ಡಬ್ಬ, ಹಳೇ ತವಾ, ಹಾಳೆಯಲ್ಲಿ ಸುತ್ತಿಟ್ಟ ಕೇಕ್ ಅಚ್ಚು ತೆಗೆದಿಡುವುದು. ಎರಡನೆಯದು ಮನೆಗೆಲ್ಲ ಕೇಳುವಂತೆ ಕೂಗುವುದು. "ಯಾರೂ ಗೀಸರ್ ಹಾಕ್ಬೇಡಿ!"

190 ಡಿಗ್ರಿ. ಟ್ರೇಯಲ್ಲಿ ಎರಡು ಮೂರು ಚಮಚ ನೀರು. ಅರ್ಧ ಗಂಟೆ ಮೇಲೆ ಫಾಯಿಲ್ ಮುಚ್ಚಿರಬೇಕು, ಇಲ್ಲದಿದ್ದರೆ ಗೋಡೆ ಬೇಯುವ ಮೊದಲೇ ಮೇಲಿನ ಅನ್ನ ಒಣಗುತ್ತದೆ. ಆಮೇಲೆ ಫಾಯಿಲ್ ತೆಗೆದು, ಚೀಸ್ ಬೇಕಾದವರಿಗೆ ಚೀಸ್ ಹಾಕಿ, ಇನ್ನೊಂದು 15 ನಿಮಿಷ. ಸಿಪ್ಪೆ ಅಲ್ಲಲ್ಲಿ ಸುಕ್ಕಾಗಿ ಕಪ್ಪು ಚುಕ್ಕೆ ಬಿದ್ದರೆ ಹೆದರಬೇಡಿ. ಆಗಲೇ ರುಚಿ ಬರುವುದು.

ಈಗ ಇಷ್ಟ ಯಾಕೆ ಅನ್ನುವುದಕ್ಕೆ ಬರುತ್ತೇನೆ. ದೋಸೆಯ ರಾತ್ರಿ ನೆನಪಿಸಿಕೊಳ್ಳಿ. ಒಬ್ಬಳು ಒಲೆಯ ಮುಂದೆ, ಉಳಿದವರು ಮೇಜಿನ ಮುಂದೆ. ಬಿಸಿ ಬಿಸಿ ಬೇಕು ಅನ್ನುವುದು ನಮ್ಮ ಜನರ ದೊಡ್ಡ ಪ್ರೀತಿ, ಆ ಪ್ರೀತಿಯ ಖರ್ಚೆಲ್ಲ ಒಲೆಯ ಮುಂದೆ ನಿಂತವಳದು. ಚಪಾತಿಯ ರಾತ್ರಿಯೂ ಅಷ್ಟೇ. ಎಲ್ಲರದೂ ಆದ ಮೇಲೆ ಅವಳು ಕೂರುವ ಹೊತ್ತಿಗೆ ಒಬ್ಬರು ಟಿವಿ ಮುಂದೆ, ಒಬ್ಬರು ಫೋನಿನಲ್ಲಿ. ಓವನ್‌ನಿಂದ ಆರೂ ಒಂದೇ ಸಲ ಬರುತ್ತವೆ, ಆರೂ ಒಂದೇ ಬಿಸಿ. ಮುಕ್ಕಾಲು ಗಂಟೆ ಅದು ಬೇಯುವಾಗ ನನಗೆ ತಿರುವುವ ಕೆಲಸ ಇಲ್ಲ, ಆಡಿಸುವ ಕೆಲಸ ಇಲ್ಲ. ಪಾತ್ರೆ ತೊಳೆದಾಗಿರುತ್ತದೆ. ಆಮೇಲೆ ಎಲ್ಲರ ಜೊತೆ ನಾನೂ ಕೂರುತ್ತೇನೆ.

ಅತ್ತೆಗೆ ಇದು ಬಹಳ ದಿನ ಒಗ್ಗಲಿಲ್ಲ. ಎರಡು ತುತ್ತು ತಿಂದು, ಬಡಿಸಲು ಅಂತ ಎದ್ದು ನಿಲ್ಲುತ್ತಿದ್ದರು. ಬಡಿಸುವುದಕ್ಕೆ ಏನೂ ಇಲ್ಲ. ಆ ಕಡೆ ಈ ಕಡೆ ನೋಡಿ, ನೀರಿನ ಜಗ್ಗನ್ನಾದರೂ ಇಷ್ಟು ಸರಿಸಿ ಮತ್ತೆ ಕೂರುತ್ತಿದ್ದರು. ಈಗ ಕೂತೇ ಇರುತ್ತಾರೆ. ಕೂತಲ್ಲಿಂದಲೇ ಊರ ಸುದ್ದಿ ಹೇಳುತ್ತಾರೆ. ಕೇಳುವವರೂ ಅಲ್ಲೇ ಇರುತ್ತಾರಲ್ಲ.

ತಿನ್ನುವ ಬಗೆ ಆರು ಜನಕ್ಕೆ ಆರು. ಮಗಳು ಚಾಕು ಹಿಡಿದು ನೀಟಾಗಿ ಕತ್ತರಿಸುತ್ತಾಳೆ. ಮಗ ಒಳಗಿನದನ್ನು ಚಮಚದಲ್ಲಿ ತೋಡಿ ಮುಗಿಸಿ, ಬರೀ ಗೋಡೆ ನಿಲ್ಲಿಸುತ್ತಾನೆ. ನಮ್ಮವರು ಎಲ್ಲವನ್ನೂ ಕಿವುಚಿ ಕಲಸಿಬಿಡುತ್ತಾರೆ. ಅಷ್ಟು ಹೊತ್ತು ಅದನ್ನು ನಿಲ್ಲಿಸಲು ಪಟ್ಟ ಪಾಡು ನನಗೆ ಗೊತ್ತು, ಆ ಕಡೆ ನೋಡುವುದಿಲ್ಲ. ಮಾವ ನಿಧಾನವಾಗಿ, ಚೊಕ್ಕವಾಗಿ, ತೊಟ್ಟಿನವರೆಗೂ ತಿನ್ನುತ್ತಾರೆ. ತಿಂದು ಕೈ ಒರೆಸಿಕೊಂಡು ಕೇಳುತ್ತಾರೆ.

"ಚಲೋ ಆಗಿತ್ತು. ಈಗ ಊಟಕ್ಕ ಏನದ?"

ಮೊಸರನ್ನ ಇರಲೇಬೇಕು. ನೀವು ಈ ಅಡುಗೆ ಮಾಡುವುದಾದರೆ ಒಂದು ಹಿಡಿ ಅನ್ನ ತೆಗೆದಿಟ್ಟಿರಿ.

ಒಂದು ಕಾಯಿ ಹೆಚ್ಚಿಗೆ ಮಾಡಿಡಬಾರದೇ ಅಂತ ನನ್ನ ತಂಗಿ ಕೇಳಿದಳು. ಮಾಡಿ ನೋಡಿದ್ದೇನೆ. ಹೆಚ್ಚಿಗೆ ಇಟ್ಟ ದಿನ ಯಾರೂ ಬರುವುದಿಲ್ಲ. ಆ ಏಳನೆಯದನ್ನು ನೀವು ತಗೊಳ್ಳಿ, ನೀನು ತಗೋ ಅಂತ ಎಲ್ಲರೂ ಎಲ್ಲರಿಗೂ ತಳ್ಳಿ, ಕೊನೆಗೆ ಅದು ಫ್ರಿಜ್ಜಿಗೆ ಹೋಗುತ್ತದೆ. ಅದಕ್ಕಿಂತ ಉದ್ದಕ್ಕೆ ಸೀಳಿ ಅರ್ಧರ್ಧ ತುಂಬುವುದು ಮೇಲು. ಆರು ಹನ್ನೆರಡಾಗುತ್ತದೆ, ವಾಲುವ ಭಯ ಇಲ್ಲ, ಬೇಗ ಬೇಯುತ್ತದೆ, ನೆಂಟರಿಗೂ ಸಿಗುತ್ತದೆ. ಆದರೆ ಅತ್ತೆ ಇದನ್ನು ಒಪ್ಪುವುದಿಲ್ಲ. "ತುಂಬಿದ್ದು ತುಂಬಿದಂಗ ಕಾಣಬೇಕು" ಅನ್ನುತ್ತಾರೆ. ಮೊದಲು ಬೇಡ ಅಂದವರೇ ಈಗ ಅದರ ನಿಯಮ ಹೇಳುವವರೂ ಆಗಿದ್ದಾರೆ.

ಕಾಯಿ ಕೊಯ್ದು ಒಳಗೆ ಖಾಲಿ ಮಾಡುವಾಗ ಉಳಿದ ಚೂರುಗಳು, ವಾಲುತ್ತದೆ ಅಂತ ಪಕ್ಕಕ್ಕಿಟ್ಟ ಮೂರುಬ್ಬಿನದೊಂದು ಕಾಯಿ, ಇವು ಮರುದಿನ ಅತ್ತೆಯ ಕೈಗೆ ಹೋಗುತ್ತವೆ. ಎಣ್ಣೆಯಲ್ಲಿ ಬಾಡಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಗುರೆಳ್ಳು ಹಾಕಿ ರುಬ್ಬಿ ಚಟ್ನಿ ಮಾಡುತ್ತಾರೆ. ಜೋಳದ ರೊಟ್ಟಿಗೆ ಅದು ನಿಜಕ್ಕೂ ಭಾರಿ ಜೋಡಿ. ಹೋದ ಸಲ ಊರಿನಿಂದ ಅವರ ತಂಗಿ ಫೋನ್ ಮಾಡಿ, ಸೊಸೆ ಏನು ಹೊಸ ಅಡುಗೆ ಮಾಡಿದ್ದಳಂತೆ ಅಂತ ಕೇಳಿದರು. ಅತ್ತೆ ಈ ಚಟ್ನಿ ಮಾಡುವ ಕ್ರಮವನ್ನು ಕಾಲು ಗಂಟೆ ಹೇಳಿದರು. ಓವನ್ ಸುದ್ದಿಯನ್ನೇ ಎತ್ತಲಿಲ್ಲ.